ಹಂತಿಯ ಹಾಡಿಗೆ ಬಾನುಲಿಯ ಆಸರೆ

ಧಾರವಾಡ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿಯೂ ಹಿಂದೆ ಒಕ್ಕಣೆ ರಾತ್ರಿಯೂ ನಡೆಯುತ್ತಿತ್ತು. ಮೇಟಿಯ ಸುತ್ತ ಎತ್ತು ತಿರುಗಿಸುವವರು ನಿದ್ರೆ ಬಾರದಿರಲೆಂದು ಹಂತಿಯ ಪದ ಹಾಡುತ್ತಿದ್ದರು. ಒಕ್ಕಣೆ ಯಂತ್ರ ಬಂದ ಮೇಲೆ ದುಡಿಮೆ ಹಗುರವಾಯಿತು. ಆದರೆ ಕಣದೊಡನೆ ಹಾಡೂ ಮರೆಯಾಗುತ್ತಿದೆ. ಇಂತಹ ಹಾಡುಗಳಿಗೆ ಇಂದು ಆಸರೆಯಾಗಬಲ್ಲ ಸಾಧನಗಳಲ್ಲಿ ಬಾನುಲಿ ಮುಖ್ಯವಾದುದು.

ಧಾರವಾಡ ಆಕಾಶವಾಣಿ

ಧಾರವಾಡ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಪಂಡಿತ ಮಲ್ಲಿಕಾರ್ಜುನ ಮನ್ಸೂರರಂತಹವರು ಸಂಗೀತ ಸಲಹೆಗಾರರಾಗಿದ್ದ ಈ ಕೇಂದ್ರವು ಶಾಸ್ತ್ರೀಯ ಸಂಗೀತದ ಜೊತೆಗೆ ಲಾವಣಿ, ಗೀಗೀ ಪದ, ಸೋಬಾನೆ, ಡೊಳ್ಳಿನ ಪದಗಳಿಗೂ ವೇದಿಕೆಯಾಯಿತು. ಹವಾಮಾನ, ಪೀಡೆ ನಿಯಂತ್ರಣ, ಬೀಜೋಪಚಾರ ಕುರಿತ ಕೃಷಿ ಕಾರ್ಯಕ್ರಮಗಳನ್ನೂ ರೈತರು ಇದೇ ಕೇಂದ್ರದಿಂದ ಕೇಳುತ್ತ ಬಂದಿದ್ದಾರೆ. ಹಾಡು ಕೇಳಲು ಕುಳಿತವರ ಕಿವಿಗೆ ಬೇಸಾಯದ ಮಾತೂ ಬೀಳುತ್ತದೆಂಬುದನ್ನು ವಿಸ್ತರಣಾ ಕಾರ್ಯಕರ್ತರು ಬಲ್ಲರು.

ಗುಡ್ಡಗಾಡಿಗೆ ಮಧ್ಯಮ ತರಂಗ

ಎಫ್.ಎಂ. ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ; ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿರುವ ಊರಿಗೆ ಸರಿಯಾಗಿ ತಲುಪುವುದಿಲ್ಲ. ಜೋಯಿಡಾ ಮತ್ತು ದಾಂಡೇಲಿಯ ಕಣಿವೆಗಳಿಗೆ ಈ ತೊಂದರೆ ಹೆಚ್ಚು. ಮಧ್ಯಮ ತರಂಗವಾದರೋ ನೆಲವನ್ನು ಅನುಸರಿಸಿ ದೂರ ಹೋಗುತ್ತದೆ. ಧಾರವಾಡ ಕೇಂದ್ರದ ಮಧ್ಯಮ ತರಂಗದ ಸ್ಥಾನ 765 ಕಿಲೋಹರ್ಟ್ಸ್, ಅಂದರೆ ಸುಮಾರು 392 ಮೀಟರ್.

ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಸಮುದಾಯ ಬಾನುಲಿಯನ್ನು ಆರಂಭಿಸಿತು. ಅಂತಹ ಕೇಂದ್ರಗಳ ಪ್ರಸಾರ ಸಾಮಾನ್ಯವಾಗಿ 10-15 ಕಿ.ಮೀ. ಮಾತ್ರ. ಧಾರವಾಡದಿಂದ ಹಳಿಯಾಳವೇ ಸುಮಾರು 35 ಕಿ.ಮೀ. ದೂರವಿರುವುದರಿಂದ ಅದರ ಧ್ವನಿ ಈ ತಾಲೂಕುಗಳಿಗೆ ಸಾಲದು.

ಚೆನ್ನಾಗಿ ಕೇಳಲು ಹೀಗೆ ಮಾಡಬೇಕು

1. ಎಫ್.ಎಂ. ಇರುವ ಮೊಬೈಲುಗಳಲ್ಲಿಯೂ ಸಾಮಾನ್ಯವಾಗಿ ಮಧ್ಯಮ ತರಂಗ ಇರುವುದಿಲ್ಲ. ರೇಡಿಯೋ ಕೊಳ್ಳುವಾಗ ಎಂ.ಡಬ್ಲ್ಯು. ಅಥವಾ ಎ.ಎಂ. ಇದೆಯೇ ಎಂದು ನೋಡಬೇಕು.
2. ಮಧ್ಯಮ ತರಂಗ ಹಿಡಿಯುವ ಕಡ್ಡಿ ಪೆಟ್ಟಿಗೆಯ ಒಳಗೇ ಇರುತ್ತದೆ. ಆದುದರಿಂದ ಹೊರಗಿನ ಕೋಲನ್ನು ಎಳೆಯುವ ಬದಲು ರೇಡಿಯೋವನ್ನೇ ನಿಧಾನವಾಗಿ ತಿರುಗಿಸಿ, ಧ್ವನಿ ಸ್ಪಷ್ಟವಾದ ದಿಕ್ಕಿನಲ್ಲಿ ಇಡಬೇಕು.
3. ಎಲ್‌ಇಡಿ ದೀಪ, ಚಾರ್ಜರ್, ಮೋಟಾರಿನಿಂದ ದೂರವಿಡಬೇಕು. ಇವುಗಳಿಂದ ಗರಗರ ಸದ್ದು ಬರುತ್ತದೆ.
4. ರಾತ್ರಿ ದೂರದ ಕೇಂದ್ರಗಳು ಬೆರೆತು ಕೇಳಿಸಿದರೆ ಅದು ರೇಡಿಯೋದ ದೋಷವಲ್ಲ. ಆ ಹೊತ್ತಿನಲ್ಲಿ ಮಧ್ಯಮ ತರಂಗಗಳು ಆಕಾಶದ ಮೇಲ್ಪದರದಿಂದ ಮರಳಿ ಬಲುದೂರ ಸಾಗುತ್ತವೆ.

ಕೇಳಿದರಷ್ಟೇ ಸಾಲದು

ಈ ನಾಲ್ಕು ತಾಲೂಕುಗಳ ಹಾಡು ಒಂದೇ ಬಗೆಯದಲ್ಲ. ಸಿದ್ದಿಯರ ದಮಾಮಿ, ಜೋಯಿಡಾದ ಕುಣಬಿಯರ ಫುಗಡಿ, ಗೌಳಿಗರ ಕುಣಿತ, ಬಯಲು ಸೆರಗಿನ ಹಂತಿಯ ಪದ ಇವೆಲ್ಲ ಇಲ್ಲಿವೆ. ಕನ್ನಡದ ಜೊತೆಗೆ ಕೊಂಕಣಿ, ಮರಾಠಿಯೂ ಇವುಗಳಲ್ಲಿ ಬೆರೆತಿವೆ. ಬಲ್ಲವರು ಬಹುಮಟ್ಟಿಗೆ ವೃದ್ಧರು. ಅವರ ನಂತರ ಹಾಡುವವರಿಲ್ಲದಿದ್ದರೆ ಯಾವ ಕೇಂದ್ರವೂ ಅವನ್ನು ಪ್ರಸಾರ ಮಾಡಲಾರದು.

ಆದುದರಿಂದ ಸ್ತ್ರೀಶಕ್ತಿ ಗುಂಪುಗಳು ಮತ್ತು ಯುವಕ ಮಂಡಳಿಗಳು ಹಿರಿಯರ ಒಪ್ಪಿಗೆ ಪಡೆದು ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿಡಬೇಕು. ಹಾಡಿದವರ ಹೆಸರು, ಊರು, ಯಾವ ಕೆಲಸ ಅಥವಾ ಹಬ್ಬದ ಹಾಡು ಎಂಬುದನ್ನು ಬರೆದಿಡಬೇಕು. ಚೆನ್ನಾಗಿ ಹಾಡುವ ತಂಡದವರು ಧ್ವನಿ ಪರೀಕ್ಷೆಗಾಗಿ ಆಕಾಶವಾಣಿ ಕೇಂದ್ರಕ್ಕೆ ಬರೆದುಕೊಳ್ಳಬಹುದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಲಾವಿದರಿಗೆ ಶ್ರೇಣಿ ದೊರೆಯುತ್ತದೆ, ಕಾರ್ಯಕ್ರಮ ನೀಡಿದಾಗ ಸಂಭಾವನೆಯೂ ಸಿಗುತ್ತದೆ.

ಕೃಷಿ ವಿಜ್ಞಾನ ಕೇಂದ್ರಗಳೂ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳೂ ಸಮುದಾಯ ಬಾನುಲಿಗೆ ಅರ್ಜಿ ಸಲ್ಲಿಸಬಹುದು. ಕಣಿವೆಯ ಊರುಗಳಿಗೆ ಅವುಗಳದೇ ಕೇಂದ್ರ ದೊರೆತರೆ ಅಲ್ಲಿಯ ಮಾತಿನಲ್ಲೇ ಬೇಸಾಯದ ಸಲಹೆಯೂ ಹಾಡೂ ತಲುಪುವುದು. ಅದಕ್ಕೆ ಬೇಕಾದ ಹಾಡುಗಳನ್ನು ಮಾತ್ರ ಇಂದೇ ಕೂಡಿಡಬೇಕು. ಬಿತ್ತನೆಗೆ ಬೀಜವನ್ನು ಮೊದಲೇ ಆರಿಸಿಟ್ಟುಕೊಳ್ಳುವ ರೈತರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.