ಛಾಯಾಚಿತ್ರದ ಕರ್ತೃ ಯಾರು?

ಮಸೂರವು ಬೆಳಕನ್ನು ಬಾಗಿಸಿ ಕ್ಯಾಮೆರಾದೊಳಗೆ ಪ್ರತಿಬಿಂಬವನ್ನು ಮೂಡಿಸುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಚಿತ್ರವನ್ನು ಬರೆಯುವುದು ಬೆಳಕೇ ಆದಮೇಲೆ, ಅದಕ್ಕೆ ಮನುಷ್ಯನು ಒಡೆಯನಾಗುವುದು ಹೇಗೆ?

ಈ ಪ್ರಶ್ನೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1884ರಲ್ಲಿ ಬಗೆಹರಿಸಿತು. ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕನು 1882ರಲ್ಲಿ ಸಾಹಿತಿ ಆಸ್ಕರ್ ವೈಲ್ಡನ ಚಿತ್ರವನ್ನು ತೆಗೆದಿದ್ದನು. ಮುದ್ರಣಸಂಸ್ಥೆಯೊಂದು ಅವನ ಅನುಮತಿಯಿಲ್ಲದೆ ಅದರ ಪ್ರತಿಗಳನ್ನು ಅಚ್ಚುಹಾಕಿತು. ಯಂತ್ರದ ಕೆಲಸಕ್ಕೆ ಕರ್ತೃವೆಲ್ಲಿ ಎಂಬುದು ಅದರ ವಾದ. ಆದರೆ ಭಂಗಿ, ಉಡುಪು, ನೆರಳು-ಬೆಳಕುಗಳನ್ನು ಯೋಜಿಸಿದವನು ಸರೋನಿ. ಆದುದರಿಂದ ಅವನೇ ಕರ್ತೃವೆಂದು ತೀರ್ಪಾಯಿತು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೂ ಚಿತ್ರ ತೆಗೆದವನನ್ನೇ ಕರ್ತೃವೆನ್ನುತ್ತದೆ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಹಣ ಕೊಟ್ಟು ತೆಗೆಸಿದ ಚಿತ್ರದ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವನಿಗೆ ಸೇರುತ್ತದೆ. 2012ರ ತಿದ್ದುಪಡಿಯಂತೆ ಕೃತಿಸ್ವಾಮ್ಯವು ಕರ್ತೃವಿನ ಜೀವಿತಕಾಲವಲ್ಲದೆ ಮರಣಾನಂತರವೂ 60 ವರ್ಷ ಉಳಿಯುತ್ತದೆ.

ಅಂತರಜಾಲದಲ್ಲಿ ಹತ್ತು ಜನರೊಡನೆ ಹಂಚಿಕೊಂಡ ಮಾತ್ರಕ್ಕೆ ಈ ಹಕ್ಕು ಅಳಿಯದು. ಕರ್ತೃವು ಬಯಸಿದರೆ, 2002ರಲ್ಲಿ ಹೊರಬಂದ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಗಳ ಮೂಲಕ, ತನ್ನ ಹೆಸರನ್ನು ನಮೂದಿಸಿ ಯಾರಾದರೂ ಬಳಸಬಹುದೆಂದು ಸಾರಬಹುದು. ಅಂಥ ಸಮ್ಮತಿ ಕಾಣದಿರುವಲ್ಲಿ, ಪರರ ಚಿತ್ರವನ್ನು ಪ್ರಕಟಿಸುವ ಮುನ್ನ ಅನುಮತಿ ಕೇಳುವುದು ಲೇಸು. ನಾಳೆ ನಮ್ಮ ಚಿತ್ರಕ್ಕೂ ಅದೇ ಮರ್ಯಾದೆಯನ್ನು ನಾವು ಬಯಸುವೆವಲ್ಲವೆ?