ಸಸ್ಯನಾಮಗಳಲ್ಲಿ ಲ್ಯಾಟಿನ್ ಕೃದಂತ

ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತರು ಬೆಳೆಯುವ ಹೆಸರುಕಾಳಿನ ಗಿಡಕ್ಕೆ ಹಳೆಯ ಕೆಲವು ಸಸ್ಯಶಾಸ್ತ್ರ ಗ್ರಂಥಗಳಲ್ಲಿ ‘ಫ್ಯಾಸಿಯೋಲಸ್ ರೇಡಿಯೇಟಸ್’ ಎಂಬ ಹೆಸರಿದೆ. ಈಗಿನ ಗ್ರಂಥಗಳಲ್ಲಿ ‘ವಿಗ್ನ ರೇಡಿಯೇಟ’ ಎಂದಿದೆ. ಇವು ಎರಡು ಬೇರೆ ಬೇರೆ ಗಿಡಗಳೆಂದು ವಿದ್ಯಾರ್ಥಿಯು ಭ್ರಮಿಸುವ ಸಂಭವವುಂಟು. ಕುಲನಾಮವು ಬದಲಾದಾಗ ಎರಡನೆಯ ಪದದ ತುದಿಯೂ ಏಕೆ ಬದಲಾಯಿತು? ಇದಕ್ಕೆ ಉತ್ತರವನ್ನು ಲ್ಯಾಟಿನ್ ವ್ಯಾಕರಣದಲ್ಲಿ ಹುಡುಕಬೇಕು.

ಧಾತುವಿನಿಂದ ಹುಟ್ಟಿ, ನಾಮಪದಕ್ಕೆ ವಿಶೇಷಣವಾಗಿ ನಿಲ್ಲುವ ಪದವು ಕೃದಂತ. ‘ಹರಿಯುವ ನೀರು’, ‘ಬಿತ್ತಿದ ಹೊಲ’ ಎಂಬಲ್ಲಿ ‘ಹರಿಯುವ’, ‘ಬಿತ್ತಿದ’ ಎಂಬುವು ಅಂಥ ಪದಗಳು. ಲ್ಯಾಟಿನ್ ಭಾಷೆಯಲ್ಲಿಯೂ ಇವುಗಳಿಗೆ ಸಮಾನವಾದ ರೂಪಗಳಿವೆ.

ಮೊದಲನೆಯದು ವರ್ತಮಾನ ಕೃದಂತ. ನೀರಾವರಿ ನೆಲಗಳ ಕಳೆಯಾದ ‘ಪ್ಯಾನಿಕಂ ರೆಪೆನ್ಸ್’ ಎಂಬ ಹುಲ್ಲಿನ ಹೆಸರಿನಲ್ಲಿ ‘ರೆಪೆನ್ಸ್’ ಎಂದರೆ ತೆವಳುವ. ಅದರ ಕಾಂಡವು ನೆಲದೊಳಗೆ ಹರಿದು ಹಬ್ಬುತ್ತದೆ. ರಸ್ತೆಯ ಪಕ್ಕದಲ್ಲಿ ಹಬ್ಬುವ, ಅಮೆರಿಕ ಖಂಡದಿಂದ ಬಂದ ‘ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್’ ಎಂಬ ಗಿಡದ ಎರಡನೆಯ ಪದಕ್ಕೆ ನೆಲಕ್ಕೆ ಒರಗುವ ಎಂದರ್ಥ. ಕರ್ತೃ ವಿಭಕ್ತಿಯ ಏಕವಚನದಲ್ಲಿ ಈ ಕೃದಂತವು ಮೂರು ಲಿಂಗಗಳಲ್ಲಿಯೂ ಒಂದೇ ಆಗಿರುತ್ತದೆ.

ಎರಡನೆಯದು ಭೂತ ಕೃದಂತ. ‘ರೇಡಿಯೇಟಸ್’ ಎಂದರೆ ಕಿರಣಗಳಂತೆ ಹರಡಿದ. ಕನ್ನಡದಲ್ಲಿ ‘ಬೆಳೆದ ಹುಡುಗ’, ‘ಬೆಳೆದ ಹುಡುಗಿ’, ‘ಬೆಳೆದ ಮರ’ ಎನ್ನುವಾಗ ‘ಬೆಳೆದ’ ಎಂಬುದು ಬದಲಾಗುವುದಿಲ್ಲ. ಲ್ಯಾಟಿನ್ನಿನಲ್ಲಿ ಮಾತ್ರ ಪುಲ್ಲಿಂಗಕ್ಕೆ ‘ರೇಡಿಯೇಟಸ್’, ಸ್ತ್ರೀಲಿಂಗಕ್ಕೆ ‘ರೇಡಿಯೇಟ’, ನಪುಂಸಕಲಿಂಗಕ್ಕೆ ‘ರೇಡಿಯೇಟಂ’ ಎಂದಾಗಬೇಕು. 1753ರಲ್ಲಿ ಲಿನೇಯಸನು ಹೆಸರಿನ ಗಿಡವನ್ನು ಪುಲ್ಲಿಂಗವಾದ ‘ಫ್ಯಾಸಿಯೋಲಸ್’ ಕುಲಕ್ಕೆ ಸೇರಿಸಿದ್ದನು. 1954ರಲ್ಲಿ ವಿಲ್‌ಚೆಕ್ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಸ್ತ್ರೀಲಿಂಗವಾದ ‘ವಿಗ್ನ’ ಕುಲಕ್ಕೆ ವರ್ಗಾಯಿಸಿದಾಗ, ವಿಶೇಷಣವು ಕುಲನಾಮದ ಲಿಂಗವನ್ನು ಅನುಸರಿಸಿತು. ಗಿಡ ಅದೇ, ಪದ ಅದೇ, ಪ್ರತ್ಯಯವಷ್ಟೇ ಬೇರೆ.

ಮೂರನೆಯ ಬಗೆಯೊಂದು ನಮ್ಮ ಕಛೇರಿಗಳಿಗೂ ಬಂದಿದೆ. ‘ಮೆಮೊರಾಂಡಂ’ ಎಂದರೆ ನೆನೆಯತಕ್ಕದ್ದು. ‘ಅಜೆಂಡಾ’ ಎಂದರೆ ಮಾಡತಕ್ಕವು. ಸಂಸ್ಕೃತದ ‘ಸ್ಮರಣೀಯ’, ‘ಕರ್ತವ್ಯ’ ಎಂಬ ಪದಗಳು ಇದೇ ಅರ್ಥವನ್ನು ಕೊಡುತ್ತವೆ. ‘ಅಜೆಂಡಾ’ ಮೂಲದಲ್ಲಿ ಬಹುವಚನವೆಂಬುದನ್ನು ಗಮನಿಸಬೇಕು.

ಆದುದರಿಂದ ಸಸ್ಯನಾಮವನ್ನು ಓದುವಾಗ, ಅದರ ಎರಡನೆಯ ಪದವು ಕೃದಂತವೇ ಎಂದು ವಿಚಾರಿಸಿದರೆ, ಕಂಠಪಾಠದ ಶ್ರಮವು ಕಡಿಮೆಯಾಗಿ ಗಿಡದ ಒಂದು ಲಕ್ಷಣವು ತಾನಾಗಿಯೇ ತಿಳಿಯಬಹುದು.