ಎಷ್ಟು ಸೆಕೆಂಡಿಗೆ ಆಫ್ ಆಯಿತು?

“ಸಿಪಿಯು ಆನ್ ಆಗುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗೋಗುತ್ತೆ.” ಕಂಪ್ಯೂಟರ್ ರಿಪೇರಿ ಅಂಗಡಿಗೆ ಡೆಸ್ಕ್‌ಟಾಪ್ ಹೊತ್ತು ತಂದವರು ಸಾಮಾನ್ಯವಾಗಿ ಹೇಳುವುದು ಇಷ್ಟೇ. ಆದರೆ ಆ ‘ಸ್ವಲ್ಪ ಹೊತ್ತು’ ಅಂದರೆ ಎಷ್ಟು ಎಂಬುದರಲ್ಲೇ ಅರ್ಧ ಉತ್ತರ ಅಡಗಿದೆ. ಅರೆಕ್ಷಣವೇ, ನಾಲ್ಕು ಸೆಕೆಂಡೇ, ಒಂದು ನಿಮಿಷವೇ? ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಗಡಿಯಾರ ನೋಡಬೇಕು.

ಹಾಸನದ ಹತ್ತಿರದ ಮೊಸಳೆ, ಪಕ್ಕದ ಮೊಸಳೆಹೊಸಹಳ್ಳಿಯಂಥ ಊರುಗಳಲ್ಲಿ ಡೆಸ್ಕ್‌ಟಾಪ್ ಇನ್ನೂ ದುಡಿಯುವ ಯಂತ್ರ. ಪಂಚಾಯ್ತಿ ಕಚೇರಿ, ಹಾಲಿನ ಡೇರಿ, ಶಾಲೆಯ ಲ್ಯಾಬ್, ಝೆರಾಕ್ಸ್ ಅಂಗಡಿ, ಎಲ್ಲ ಕಡೆಯೂ ಅದೇ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಕೈಬರಹದ ಪಹಣಿಗೆ ಬೆಲೆ ಉಳಿಯಲಿಲ್ಲ. ಹಾಗಾಗಿ ಕಚೇರಿಯ ಮೇಜಿನ ಕೆಳಗಿನ ಈ ಡಬ್ಬ ಬೆಳಿಗ್ಗೆ ಮುಷ್ಕರ ಹೂಡಿದರೆ, ಕೆಲಸ ಬಿಟ್ಟು ಬಸ್ಸು ಹತ್ತಿ ಬಂದ ರೈತ ಬರಿಗೈಲಿ ಹೋಗುತ್ತಾನೆ. ನನಗೆ ಈ ವಿಷಯ ಮುಖ್ಯ ಅನ್ನಿಸುವುದು ಅದಕ್ಕೇ.

ಕಂಪ್ಯೂಟರ್ ಶುರುವಾಗುವಾಗಲೇ ಏಕೆ ಕೈಕೊಡುತ್ತದೆ? ಅದರ ಪಾಲಿಗೆ ಅತಿ ಕಷ್ಟದ ಗಳಿಗೆ ಅದು. ಬೋರ್‌ವೆಲ್ ಮೋಟಾರು ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಹೊರಡುವಾಗ ಎಳೆಯುತ್ತದೆ ಎಂಬುದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಇಲ್ಲಿಯೂ ಅದೇ ನಿಯಮ. ನಿಂತ ಹಾರ್ಡ್ ಡಿಸ್ಕಿನ ತಟ್ಟೆಯನ್ನು ತಿರುಗಿಸಲು 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಬೇಕು, ತಿರುಗತೊಡಗಿದ ಮೇಲೆ ಅದರ ಕಾಲುಭಾಗವೋ ಮೂರನೇ ಒಂದು ಭಾಗವೋ ಸಾಕು. ಫ್ಯಾನುಗಳೂ ಅದೇ ಹೊತ್ತಿಗೆ ಪೂರ್ತಿ ವೇಗದಲ್ಲಿ ಏಳುತ್ತವೆ. ವಿದ್ಯುತ್ ಉಳಿಸುವ ಏರ್ಪಾಡುಗಳು ಇನ್ನೂ ಚಾಲೂ ಆಗಿರದ ಕಾರಣ ಪ್ರೊಸೆಸರ್ ಕೂಡ ಧಾರಾಳವಾಗಿ ಎಳೆಯುತ್ತದೆ.

ಇಷ್ಟನ್ನೂ ಒದಗಿಸುವುದು ಎಸ್‌ಎಂಪಿಎಸ್. ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಾಗಿ ಇಳಿಸಿ ಹಳದಿ, ಕೆಂಪು, ಕಿತ್ತಳೆ ತಂತಿಗಳಲ್ಲಿ ಹಂಚುತ್ತದೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡದ ಪ್ರಕಾರ 12 ಅಂದರೆ 11.4ಕ್ಕಿಂತ ಕೆಳಗಿಳಿಯಬಾರದು, 12.6 ದಾಟಬಾರದು. ಎಲ್ಲ ತಂತಿಗಳೂ ಹದಕ್ಕೆ ಬಂದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದು ಬಣ್ಣದ ತಂತಿಯಲ್ಲಿ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಮದರ್‌ಬೋರ್ಡಿಗೆ ಹೋಗುತ್ತದೆ. ಆಗಷ್ಟೇ ಪ್ರೊಸೆಸರ್ ಕಣ್ಣು ಬಿಡುವುದು. ವೋಲ್ಟೇಜ್ ಕುಸಿದು ಆ ಸಂಕೇತ ನಿಂತರೆ ಬೋರ್ಡು ಕೆಲಸ ನಿಲ್ಲಿಸುತ್ತದೆ; ಎಲ್ಲೋ ಶಾರ್ಟ್ ಆಗಿದೆ ಎಂದು ಗೊತ್ತಾದರೆ ಎಸ್‌ಎಂಪಿಎಸ್ ತಾನೇ ಬಂದ್ ಆಗುತ್ತದೆ. ತಾನೇ ಆಫ್ ಆಗುವುದು ಬಹುಪಾಲು ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ.

ಫ್ಯಾನು ಒಂದು ಸುತ್ತು ಅಲುಗಿ ಅಲ್ಲೇ ನಿಂತರೆ ಶಾರ್ಟ್ ಸರ್ಕ್ಯೂಟಿನ ಅನುಮಾನ. ಸಡಿಲವಾದ ಸ್ಕ್ರೂ ಬೋರ್ಡಿನ ಅಡಿ ಸಿಕ್ಕಿರಬಹುದು, ಯುಎಸ್‌ಬಿ ಕಿಂಡಿಯ ತಗಡು ಬಾಗಿರಬಹುದು, ಹಳ್ಳಿಯ ಕಚೇರಿಗಳಲ್ಲಿ ಹಲ್ಲಿಯೂ ಒಳಗೆ ಸೇರಿರಬಹುದು. ಪ್ಲಗ್ ಕಿತ್ತು, ಡಿಸ್ಕು, ಡಿವಿಡಿ, ಕಾರ್ಡುಗಳನ್ನೆಲ್ಲ ಬಿಡಿಸಿ, ಬೋರ್ಡು, ಪ್ರೊಸೆಸರ್, ಒಂದೇ ರ‍್ಯಾಮ್ ಇಟ್ಟುಕೊಂಡು ಆನ್ ಮಾಡಬೇಕು. ಆಫ್ ಆಗದೆ ಓಡಿದರೆ ಬಿಡಿಸಿದ್ದನ್ನು ಒಂದೊಂದಾಗಿ ಸೇರಿಸುತ್ತ ಹೋದಂತೆ ಕಳ್ಳ ಸಿಗುತ್ತಾನೆ.

ಪ್ರತಿ ಸಲವೂ ಕರಾರುವಾಕ್ಕಾಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗುತ್ತಿದೆಯೇ? ಹಾಗಿದ್ದರೆ ಎಸ್‌ಎಂಪಿಎಸ್ ಬದಲಿಸುವ ಆತುರ ಬೇಡ. ಪವರ್ ಬಟನ್ನನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗುವಂತೆ ಕಟ್ಟಲಾಗಿದೆ. ರಾಗಿ ಒಕ್ಕಣೆಯ ಕಾಲದ ಧೂಳೋ ಬೆರಳಿನ ಜಿಡ್ಡೋ ಸೇರಿ ಬಟನ್ ಒಳಗೇ ಅಂಟಿಕೊಂಡರೆ, ಯಾರೋ ಒತ್ತಿ ಹಿಡಿದೇ ಇದ್ದಾರೆ ಎಂದು ಬೋರ್ಡು ತಿಳಿಯುತ್ತದೆ. ಪರೀಕ್ಷೆ ಸುಲಭ: ಬೋರ್ಡಿನ ಮೇಲೆ ಪವರ್ ಸ್ವಿಚ್ಚಿನ ತಂತಿ ಕಿತ್ತು, ಆ ಎರಡು ಪಿನ್ನಿಗೆ ರೀಸೆಟ್ ಬಟನ್ನಿನ ತಂತಿ ಸಿಕ್ಕಿಸಿ. ಇನ್ನು ಮೇಲೆ ರೀಸೆಟ್ ಒತ್ತಿದರೆ ಆನ್. ಕಂಪ್ಯೂಟರ್ ಓಡುತ್ತಲೇ ಇದ್ದರೆ ಖರ್ಚಿಲ್ಲದೆ ರಿಪೇರಿ ಮುಗಿಯಿತು. ಇಷ್ಟು ಸಣ್ಣ ಕಾರಣಕ್ಕೆ ಹೊಸ ಬೋರ್ಡು ಹಾಕಿಸಿದವರ ದುಡ್ಡು ನೆನೆದರೆ ಸಂಕಟವಾಗುತ್ತದೆ.

ಅರ್ಧ ನಿಮಿಷದಿಂದ ಎರಡು ಮೂರು ನಿಮಿಷ ಬದುಕಿ ಆಫ್ ಆದರೆ, ತಕ್ಷಣ ಮತ್ತೆ ಒತ್ತಿದಾಗ ಇನ್ನೂ ಬೇಗ ಆಫ್ ಆದರೆ, ಅದು ಬಿಸಿಯ ಲಕ್ಷಣ. ಪ್ರೊಸೆಸರ್ ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೂ ಏರಿದರೆ ಸುಟ್ಟುಹೋಗದಿರಲು ಕರೆಂಟನ್ನೇ ಕಡಿಸುತ್ತದೆ. ಹೀಟ್ ಸಿಂಕಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಎದ್ದಿದ್ದರೂ ಲೋಹ ಪ್ರೊಸೆಸರಿಗೆ ಸರಿಯಾಗಿ ತಾಗುವುದಿಲ್ಲ. ನಡುವಿನ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗಿ ಸುಣ್ಣದಂತಾಗಿರುತ್ತದೆ. ಹಳೆಯದನ್ನು ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂರಿಸಿದರೆ ಸರಿಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಸಾಮಾನ್ಯವಾಗಿ ಬೀಪ್ ಸದ್ದು ಬರುತ್ತದೆ, ಇಲ್ಲವೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ; ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಕೂರಿಸುವ ಮೆಕ್ಯಾನಿಕ್‌ಗಳ ಪದ್ಧತಿ ಕೆಲಸ ಮಾಡುತ್ತದೆ.

ಇನ್ನೊಂದು ಬಗೆ ಇದೆ, ಚಳಿಗಾಲದ ಬೆಳಗಿನದು. ಮೊದಲ ಸಲ ಆಫ್, ಎರಡನೇ ಸಲ ಆಫ್, ಮೂರನೆಯದಕ್ಕೆ ಆನ್ ಆಗಿ ಸಂಜೆಯವರೆಗೂ ತೊಂದರೆಯಿಲ್ಲ. ಇಲ್ಲಿ ತಪ್ಪು ಬಹುಮಟ್ಟಿಗೆ ಕೆಪಾಸಿಟರಿನದು. ಎಸ್‌ಎಂಪಿಎಸ್ಸಿನಲ್ಲೂ ಬೋರ್ಡಿನಲ್ಲೂ ಇರುವ ಈ ಪುಟ್ಟ ಡಬ್ಬಿಗಳೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರವ ಇರುತ್ತವೆ. ಕರೆಂಟಿನ ಏರಿಳಿತ ನುಂಗಿಕೊಳ್ಳುವುದು ಅವುಗಳ ಕೆಲಸ. ವರ್ಷಗಳು ಕಳೆದಂತೆ ದ್ರವ ಆರುತ್ತದೆ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಹೆಚ್ಚಾದರೆ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಸವೆದ ಕೆಪಾಸಿಟರಿನ ಒಳಗಿನ ತಡೆ ತಣ್ಣಗಿದ್ದಾಗ ಹೆಚ್ಚು, ಬೆಚ್ಚಗಾದಾಗ ಕಡಿಮೆ. ಮೊದಲೆರಡು ವಿಫಲ ಪ್ರಯತ್ನಗಳೇ ಅದನ್ನು ಬೆಚ್ಚಗೆ ಮಾಡಿ ಮೂರನೆಯದನ್ನು ಗೆಲ್ಲಿಸುತ್ತವೆ. ಬೋರ್ಡಿನ ಮೇಲೆ ನೆತ್ತಿ ಉಬ್ಬಿದ, ಕಂದು ಬಣ್ಣ ಒಸರಿದ ಡಬ್ಬಿ ಕಂಡರೆ ಬದಲಿಸಬೇಕು. ಎಸ್‌ಎಂಪಿಎಸ್ಸನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು; ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಹಳ್ಳಿಯ ಕಂಪ್ಯೂಟರಿಗೆ ಡಬ್ಬದ ಹೊರಗಿನಿಂದಲೂ ಕಾಟ ಬರುತ್ತದೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಲೈನಿನ ಕೊನೆಯ ಮನೆಗಳಲ್ಲಿ ಬಲ್ಬು ಮಂಕಾಗುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿಗೂ ತೋಟಕ್ಕೂ ಫೀಡರ್ ಬೇರೆಯಾದ ಕಡೆ ಇದು ಕಡಿಮೆ. ಕರೆಂಟು ಕ್ಷಣಕಾಲ ತಪ್ಪಿದರೆ ಆ ದೊಡ್ಡ ಕೆಪಾಸಿಟರ್ ತನ್ನ ಸಂಗ್ರಹದಿಂದ ಕಂಪ್ಯೂಟರನ್ನು ಸೆಕೆಂಡಿನ ಸಾವಿರ ಭಾಗಗಳಲ್ಲಿ 16–17 ಭಾಗದಷ್ಟು ಕಾಲ ನಡೆಸಬೇಕೆಂಬುದು ಲೆಕ್ಕ. ಆದರೆ ಆ ಸಂಗ್ರಹ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಅಗ್ಗದ ಎಸ್‌ಎಂಪಿಎಸ್ಸಿನಲ್ಲಿ 230 ವೋಲ್ಟ್ 170ಕ್ಕೆ ಇಳಿದರೆ ಸಂಗ್ರಹ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಗಳಿಗೆಯಲ್ಲಿ ಹಾರ್ಡ್ ಡಿಸ್ಕು ತಿರುಗಲು ಹೊರಟರೆ ಆಫ್. ಬೆಳಿಗ್ಗೆ ಕೈಕೊಟ್ಟು ರಾತ್ರಿ ಸರಾಗ ಓಡುವ ಕಂಪ್ಯೂಟರಿಗೆ ಮೊದಲು ಬೇಕಾದದ್ದು ಒಳ್ಳೆಯ ಯುಪಿಎಸ್. ಅದರ ಬ್ಯಾಟರಿ ಸತ್ತಿದ್ದರೆ ಅದೇ ಹೊಸ ತೊಂದರೆ. ಆದ್ದರಿಂದ ಒಂದು ಸಲ ಯುಪಿಎಸ್ ಬಿಟ್ಟು ನೇರ ಗೋಡೆಗೆ ಸಿಕ್ಕಿಸಿಯೂ ನೋಡಬೇಕು.

ವಿಂಡೋಸ್ ಚಿತ್ರ ಬಂದ ಮೇಲೆ ಆಫ್ ಆಗುವುದಾದರೆ, ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ ಒಳಗೆ ಹೋಗಿ ಅರ್ಧ ಗಂಟೆ ಹಾಗೇ ಬಿಡಿ. ಬಹಳಷ್ಟು ಬೋರ್ಡುಗಳಲ್ಲಿ ಪ್ರೊಸೆಸರಿನ ಬಿಸಿಯೂ 12 ವೋಲ್ಟಿನ ಅಳತೆಯೂ ಅಲ್ಲೇ ಕಾಣುತ್ತವೆ. ಅಲ್ಲಿ ಗಟ್ಟಿಯಾಗಿ ನಿಂತು ವಿಂಡೋಸ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ಡಿಸ್ಕನ್ನೋ ಡ್ರೈವರನ್ನೋ, ಹೊರೆ ತಾಳದ ಎಸ್‌ಎಂಪಿಎಸ್ಸನ್ನೋ ಅನುಮಾನಿಸಬೇಕು. ಬಿಡಿಸಿದ ಎಸ್‌ಎಂಪಿಎಸ್ಸಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿ ಫ್ಯಾನು ತಿರುಗಿದ್ದು ತೋರಿಸಿ “ಎಸ್‌ಎಂಪಿಎಸ್ ಚೆನ್ನಾಗಿದೆ” ಅನ್ನುವವರಿದ್ದಾರೆ. ಹೊರೆಯಿಲ್ಲದೆ ತಿರುಗಿದ್ದು ಹೊರೆ ಹೊರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ.

ಹೊಸದು ಕೊಳ್ಳುವಾಗ ದಪ್ಪಕ್ಷರದ ‘450 ವಾಟ್’ ನೋಡಿ ತೃಪ್ತರಾಗಬೇಡಿ. ಲೇಬಲ್ಲಿನ ಸಣ್ಣಕ್ಷರದಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಓದಿ. ಅಲ್ಲಿ 14 ಎಂದಿದ್ದರೆ ಆ ತಂತಿಯಲ್ಲಿ ಸಿಗುವುದು 12ನ್ನು 14ರಿಂದ ಗುಣಿಸಿದಷ್ಟು, 168 ವಾಟ್. ಪ್ರೊಸೆಸರ್, ಡಿಸ್ಕಿನ ಮೋಟಾರು, ಫ್ಯಾನು ಎಲ್ಲವೂ ಎಳೆಯುವುದು ಅದರಿಂದಲೇ.